ರಾಜಿಯಾದ ಮೇಲೂ ಮುಗಿಯದ ಖಟ್ಲೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಅವರ ಮನೆಯಲ್ಲಿ ಜಗಳವು ಉಂಡು ಮಲಗುವ ಹೊತ್ತಿಗೆ ನಿಜವಾಗಿಯೂ ಮುಗಿದುಹೋಗುತ್ತಿದ್ದಿರಬೇಕು. ಎಲ್ಲ ಮನೆಗಳಲ್ಲಿಯೂ ಹಾಗಾಗುವುದಿಲ್ಲ. ಕೆಲವು ಜಗಳಗಳು ಅಡಿಗೆಮನೆಯಿಂದ ಜಗಲಿಗೆ ಬರುತ್ತವೆ; ಜಗಲಿಯಿಂದ ಅರಳಿಕಟ್ಟೆಗೆ, ಕಟ್ಟೆಯಿಂದ ಪೊಲೀಸು ಠಾಣೆಗೆ, ಅಲ್ಲಿಂದ ಕೋರ್ಟಿಗೆ ಹೋಗುತ್ತವೆ. ಹೋಗುವ ದಾರಿ ನಮ್ಮವರಿಗೆ ಚೆನ್ನಾಗಿ ಗೊತ್ತಿದೆ. ಹಿಂದಕ್ಕೆ ಬರುವ ದಾರಿಯ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದು ಸ್ವಾರಸ್ಯವಾದ ಕಥೆ. ಸ್ವಲ್ಪ ನೋವಿನ ಕಥೆಯೂ ಹೌದು.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯನ್ನು ಮಾತಿಗಾಗಿ ತೆಗೆದುಕೊಳ್ಳೋಣ. ಅಲ್ಲಿ ಇಂಥದೊಂದು ನಡೆಯಿತೆಂದು ಹೇಳುತ್ತಿಲ್ಲ. ನಾಡಿನ ಯಾವ ಊರಿನಲ್ಲಿ ಬೇಕಾದರೂ ನಡೆಯಬಹುದಾದದ್ದನ್ನು ಒಂದು ಊರಿನ ಹೆಸರಿಟ್ಟು ಹೇಳಿದರೆ ದೂರ ಹತ್ತಿರಗಳು ಕಣ್ಣಿಗೆ ಕಟ್ಟುತ್ತವೆ, ಅಷ್ಟೆ. ಆ ಊರಿಗೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳು ಗಂಡನೂ ಅತ್ತೆಯೂ ಹಿಂಸೆ ಕೊಡುತ್ತಾರೆಂದು ಠಾಣೆಗೆ ದೂರು ಕೊಡುತ್ತಾಳೆ. ಪೊಲೀಸರು ವಿಚಾರಿಸಿ ಚಾರ್ಜ್‌ಶೀಟು ಹಾಕುತ್ತಾರೆ. ಬೇಲೂರಿನ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಖಟ್ಲೆಗೆ ಒಂದು ನಂಬರು ಬೀಳುತ್ತದೆ. ವಾಯಿದೆಯ ಮೇಲೆ ವಾಯಿದೆ ಆಗಿ ಎರಡು ಮೂರು ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಎರಡೂ ಕಡೆಯ ಹಿರಿಯರು ಕೂಡಿ ಮಾತಾಡುತ್ತಾರೆ. ಮತ್ತೆ ಒಟ್ಟಿಗೆ ಬಾಳುವುದೆಂದೋ, ಇಲ್ಲವೆ ಇಬ್ಬರೂ ಒಪ್ಪಿ ಬಿಡುಗಡೆ ಮಾಡಿಕೊಂಡು ಅವಳ ಒಡವೆ, ಜೀವನಾಂಶ ಕೊಟ್ಟುಬಿಡುವುದೆಂದೋ ತೀರ್ಮಾನವಾಗುತ್ತದೆ. ಇಬ್ಬರೂ ಕೂಡಿಯೇ ಬೇಲೂರಿಗೆ ಬಸ್ಸು ಹತ್ತಿ, ಕೋರ್ಟಿನಲ್ಲಿ ಕೈಮುಗಿದು ನಿಂತು, 'ಸ್ವಾಮಿ, ನಾವು ರಾಜಿಯಾಗಿದ್ದೇವೆ, ಖಟ್ಲೆ ಮುಗಿಸಿಬಿಡಿ' ಎನ್ನುತ್ತಾರೆ.

ಮ್ಯಾಜಿಸ್ಟ್ರೇಟರು ಮುಗಿಸಲಾರರು. ಮನಸ್ಸಿಲ್ಲವೆಂದಲ್ಲ, ಅಧಿಕಾರವಿಲ್ಲ. ದೂರು ಕೊಟ್ಟವಳೇ ಎದುರಿಗೆ ನಿಂತು ಬೇಡವೆಂದರೂ ಆ ದೂರು ಇನ್ನು ಅವಳದಲ್ಲ, ಸರ್ಕಾರದ್ದು. ಖಟ್ಲೆ ನಿಲ್ಲಬೇಕಾದರೆ ಇಬ್ಬರೂ ಬೆಂಗಳೂರಿನ ಹೈಕೋರ್ಟಿಗೆ ಅರ್ಜಿ ಹಾಕಿಕೊಳ್ಳಬೇಕು. ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು. ಬೆಂಗಳೂರಿಗೆ ಸುಮಾರು 220. ಜಗಳ ಹುಟ್ಟಿದ್ದು ಒಲೆಯ ಮುಂದೆ. ಅದು ಆರಬೇಕಾದದ್ದು ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡದಲ್ಲಿ. ಇದು ಹೀಗೇಕಾಯಿತು ಎಂದು ಕೇಳಿದರೆ ಎಂಟು ಒಂಬತ್ತು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಹೋಗುವ ಮೊದಲು ಒಂದು ಶಬ್ದದ ಮಾತು. 'ರಾಜಿ' ಎಂಬುದು ಮುಸಲ್ಮಾನ ದೊರೆಗಳ ಕಾಲದ ಕಚೇರಿಗಳಿಂದ ನಮ್ಮ ಭಾಷೆಗೆ ಬಂದ ಮಾತು. ಅದರ ಮೂಲಾರ್ಥ ಒಪ್ಪಂದವೆಂದಲ್ಲ. ಒಪ್ಪಿದವನು, ಮನಸ್ಸಿಗೆ ಸಮಾಧಾನವಾದವನು ಎಂದು. ನಾವು ಇಂದು ಕೆಲಸ ಬಿಡುವಾಗ ಬರೆದುಕೊಡುವ 'ರಾಜೀನಾಮೆ'ಯೂ ಹಿಂದಿನ ಕೋರ್ಟುಗಳಲ್ಲಿ ಕಕ್ಷಿಗಾರರು ಒಪ್ಪಿ ಬರೆದುಕೊಟ್ಟ ಪತ್ರವೇ ಆಗಿತ್ತು. ಆದ್ದರಿಂದ ಯಾರಾದರೂ 'ರಾಜಿಯಾಯಿತು' ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಯಾರ ಮನಸ್ಸಿಗೆ ಸಮಾಧಾನವಾಯಿತು? ಗಂಡ ಹೆಂಡಿರ ವ್ಯಾಜ್ಯದ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಹೊಯ್ಸಳರು ಆಗ ಹೆಸರಿಗಾದರೂ ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಕಲ್ಯಾಣದಲ್ಲಿ ಆಳುತ್ತಿದ್ದವನು 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯ; ಅವನ ಆಶ್ರಯದಲ್ಲಿದ್ದ ಪಂಡಿತ ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರಾ ವ್ಯಾಖ್ಯಾನ ಮುಂದೆ ಬಂಗಾಳ ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂಗಳಿಗೆ ದಾಯಭಾಗದ ಕಾನೂನೇ ಆಯಿತು. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬ ಅದರ ದಾಯಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಇಂಗ್ಲಿಷು ನ್ಯಾಯಾಧೀಶರು ಮಿತಾಕ್ಷರಾ ಎಂದರೆ ಆಸ್ತಿ ಹಂಚುವ ಪುಸ್ತಕವೆಂದೇ ತಿಳಿದರು. ನಮ್ಮ ವಿದ್ಯಾವಂತರಲ್ಲಿ ಅನೇಕರೂ ಹಾಗೆಯೇ ತಿಳಿದಿದ್ದಾರೆ. ಆದರೆ ಅದೇ ಗ್ರಂಥದಲ್ಲಿ ವ್ಯವಹಾರ ನಡೆಸುವ ಕ್ರಮವನ್ನು ಹೇಳುವ ಭಾಗವಿದೆ; ಅಲ್ಲಿ ಗಂಡ ಹೆಂಡಿರ ವ್ಯಾಜ್ಯದ ಮಾತು ಬರುತ್ತದೆ.

ಗುರು ಶಿಷ್ಯ, ತಂದೆ ಮಗ, ಗಂಡ ಹೆಂಡತಿ, ಒಡೆಯ ಆಳು, ಇವರೊಳಗಿನ ವಿರೋಧಕ್ಕೆ ವ್ಯವಹಾರವೇ ಸಲ್ಲದು, ಅಂದರೆ ರಾಜನ ಸಭೆಗೆ ಅದು ಬರಕೂಡದು, ಎಂಬ ಅರ್ಥದ ಒಂದು ಹಳೆಯ ಸ್ಮೃತಿವಚನವಿದೆ. ಬೇರೆ ವ್ಯಾಖ್ಯಾನಕಾರನಾಗಿದ್ದರೆ ಆ ವಚನವನ್ನು ಹೇಳಿ ಮುಂದಕ್ಕೆ ಹೋಗುತ್ತಿದ್ದನೋ ಏನೋ. ವಿಜ್ಞಾನೇಶ್ವರ ಹಾಗೆ ಬಿಡಲಿಲ್ಲ. ಗುರುವಾದವನು ಸಿಟ್ಟಿನಿಂದ ದೊಡ್ಡ ದೊಣ್ಣೆ ಹಿಡಿದು ತಲೆಗೆ ಹೊಡೆದರೆ ಶಿಷ್ಯ ಏನು ಮಾಡಬೇಕು ಎಂದು ಕೇಳುತ್ತಾನೆ. ಬರಗಾಲ, ಧರ್ಮಕಾರ್ಯ, ರೋಗ ಮೊದಲಾದ ಕಾರಣಗಳಿಲ್ಲದೆ ಗಂಡನು ಹೆಂಡತಿಯ ಸ್ತ್ರೀಧನವನ್ನು ಖರ್ಚುಮಾಡಿ, ಕೈಯಲ್ಲಿ ಹಣವಿದ್ದೂ ಕೇಳಿದಾಗ ಕೊಡದೆ ಹೋದರೆ, ಆಗ ದಂಪತಿಗಳ ನಡುವೆ ವ್ಯವಹಾರ ಸಲ್ಲುತ್ತದೆಂದೇ ಹೇಳುತ್ತಾನೆ. ಹಾಗಾದರೆ ಆ ಹಳೆಯ ವಚನದ ತಾತ್ಪರ್ಯವೇನು? ಇಂಥವರು ಸಭೆಗೆ ಬಂದಾಗ ರಾಜನೂ ಸಭ್ಯರೂ ಮೊದಲು ಅವರಿಗೆ ತಿಳಿಯಹೇಳಿ ತಡೆಯಬೇಕು. ಬೇಡವೆಂದರೂ ಕೇಳದೆ ಅವರು ಪಟ್ಟು ಹಿಡಿದರೆ, ವ್ಯವಹಾರವನ್ನು ನಡೆಸಲೇಬೇಕು.

ಈ ಎರಡು ವಾಕ್ಯಗಳ ವಿವೇಕವನ್ನು ಗಮನಿಸಬೇಕು. ಮೊದಲು ಸಂಧಾನ, ಆದರೆ ಬಾಗಿಲು ಮುಚ್ಚುವಂತಿಲ್ಲ. ಬಾಗಿಲು ತೆರೆಯುವುದೂ ಬಿಡುವುದೂ ನೊಂದವರ ಪಟ್ಟಿನ ಮೇಲೆ ನಿಂತಿದೆ, ಕುಟುಂಬದ ಮರ್ಯಾದೆಯ ಮೇಲಲ್ಲ. ವಿಜ್ಞಾನೇಶ್ವರನನ್ನು ಸ್ತ್ರೀಸ್ವಾತಂತ್ರ್ಯದ ಪ್ರವರ್ತಕನೆಂದು ಹೊಗಳುವ ಉದ್ದೇಶ ನನಗಿಲ್ಲ. ಅವನ ಕಾಲದ ಹೆಂಡತಿಯರಲ್ಲಿ ಎಷ್ಟು ಮಂದಿ ರಾಜಸಭೆಯ ಮೆಟ್ಟಿಲು ಹತ್ತಿದರೋ ಹೇಳುವ ದಾಖಲೆ ನಮಗಿಲ್ಲ. ನಮ್ಮ ಶಾಸನಗಳಲ್ಲಿ ಜಯಪತ್ರಗಳ ಪ್ರಸ್ತಾಪ ಬರುತ್ತದೆ; ಆದರೆ ಕಲ್ಲಿಗೆ ಏರಿದ ವ್ಯಾಜ್ಯಗಳು ಹೆಚ್ಚಾಗಿ ಭೂಮಿಯವು, ಗಡಿಯವು, ಕೆರೆನೀರಿನವು. ಮನೆಯೊಳಗಿನ ಕಣ್ಣೀರಿಗೆ ಯಾರೂ ಕಲ್ಲು ನೆಡಿಸುವುದಿಲ್ಲ.

ಆ ಕಣ್ಣೀರಿನ ನ್ಯಾಯ ನಡೆಯುತ್ತಿದ್ದದ್ದು ಊರಿನ ಕಟ್ಟೆಯಲ್ಲಿ. ಗೌಡ, ಶಾನುಭೋಗ, ಜಾತಿಯ ಯಜಮಾನ, ನಾಲ್ಕು ಮಂದಿ ಹಿರಿಯರು. ಗಂಡ ತಪ್ಪಿತಸ್ಥನಾದರೆ ತಪ್ಪುಕಾಣಿಕೆ ಇಡಿಸುವುದು, ಹೆಣ್ಣಿನ ಕಡೆಯವರಿಗೆ ಬುದ್ಧಿ ಹೇಳುವುದು, ಕೊನೆಗೆ ಎಲೆ ಅಡಿಕೆ ಹಂಚುವುದು. ನಮ್ಮಲ್ಲಿ ಕೆಲವರಿಗೆ ಈ ಕಟ್ಟೆಯನ್ನು ನೆನೆದರೆ ಕಣ್ಣು ತುಂಬಿಬರುತ್ತದೆ. ಖರ್ಚಿಲ್ಲದ ನ್ಯಾಯ, ಒಂದೇ ಸಂಜೆಯಲ್ಲಿ ತೀರ್ಪು ಎನ್ನುತ್ತಾರೆ. ನಿಜ. ಆದರೆ ಆ ಕಟ್ಟೆಯ ಮೇಲೆ ಹೆಂಗಸು ಕೂರುವ ಜಾಗವಿರಲಿಲ್ಲ ಎಂಬುದೂ ನಿಜವೇ. ಅವಳ ಮಾತು ಅವಳ ಅಪ್ಪನ ಬಾಯಿಂದಲೋ ಅಣ್ಣನ ಬಾಯಿಂದಲೋ ಬರಬೇಕಾಗಿತ್ತು. 'ಹೋಗವ್ವ, ಹೊಂದಿಕೊಂಡು ಹೋಗು' ಎಂಬುದು ಅಲ್ಲಿಯ ಸಾಮಾನ್ಯ ತೀರ್ಪು. ರಾಜಿಯಾದವರು ಅಪ್ಪ ಮತ್ತು ಮಾವ. ಅವಳು ರಾಜಿಯಾದಳೋ ಇಲ್ಲವೋ ಕೇಳಿದವರು ಕಡಮೆ. ಮೈಸೂರು ರಾಜ್ಯದ 1961ರ ಶಾಸನ ವಂಶಪಾರಂಪರ್ಯದ ಗೌಡಿಕೆ ಶಾನುಭೋಗಿಕೆಗಳನ್ನು ರದ್ದುಮಾಡಿತು. ಕಟ್ಟೆ ಮಾತ್ರ ಉಳಿಯಿತು. 'ಹೊಂದಿಕೊಂಡು ಹೋಗು' ಎಂಬ ಮಾತೂ ಉಳಿಯಿತು.

ಇನ್ನು ಇಂಗ್ಲಿಷರ ಕಾನೂನು. ಭಾರತ ದಂಡಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ ಇಪ್ಪತ್ತನೆಯ ಅಧ್ಯಾಯ ಮದುವೆಗೆ ಸಂಬಂಧಪಟ್ಟ ಅಪರಾಧಗಳದು. ಅದರಲ್ಲಿ 497ನೆಯ ಸೆಕ್ಷನ್ನು ಪರಸ್ತ್ರೀಗಮನಕ್ಕೆ, 498ನೆಯದು ಇನ್ನೊಬ್ಬನ ಹೆಂಡತಿಯನ್ನು ಪುಸಲಾಯಿಸಿ ಕರೆದೊಯ್ಯುವುದಕ್ಕೆ. ಮೆಕಾಲೆ 1837ರಲ್ಲಿ ಸಿದ್ಧಮಾಡಿದ್ದ ಕರಡಿನಲ್ಲಿ ಪರಸ್ತ್ರೀಗಮನ ಅಪರಾಧವೇ ಆಗಿರಲಿಲ್ಲ, ಆಮೇಲಿನವರು ಸೇರಿಸಿದರು. ಈ ಎರಡು ಅಪರಾಧಗಳಲ್ಲಿಯೂ ನೊಂದವನು ಗಂಡ. ದೂರು ಕೊಡಬೇಕಾದವನು ಅವನು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 345ನೆಯ ಸೆಕ್ಷನ್ನಿನಲ್ಲಿ ಯಾವ ಯಾವ ಅಪರಾಧವನ್ನು ಯಾರು ರಾಜಿಮಾಡಿಕೊಳ್ಳಬಹುದೆಂಬ ಪಟ್ಟಿಯುಂಟು. ಅಲ್ಲಿ ಈ ಎರಡು ಅಪರಾಧಗಳ ಎದುರಿಗೆ ಇರುವ ಮಾತು ಆ ಹೆಂಗಸಿನ ಗಂಡ ಎಂದು. ಅಂದರೆ ದೂರುವ ಹಕ್ಕೂ ಅವನದು, ಕ್ಷಮಿಸುವ ಹಕ್ಕೂ ಅವನದು. ಹೆಂಡತಿ ಈ ನಾಟಕದಲ್ಲಿ ಕಳುವಾದ ಸಾಮಾನಿನ ಪಾತ್ರ ವಹಿಸಿದ್ದಳು.

ಹಾಗಾದರೆ ಗಂಡನಿಂದಲೇ ಪೆಟ್ಟು ತಿಂದ ಹೆಂಡತಿ? ಅವಳಿಗೂ ಕಾನೂನಿತ್ತು, ಎಲ್ಲರಿಗೂ ಇರುವ ಹೊಡೆದಾಟದ ಸೆಕ್ಷನ್ನೇ ಅವಳಿಗೂ. ಬೀದಿಯಲ್ಲಿ ಇಬ್ಬರು ಗಂಡಸರು ಕೈಮಿಲಾಯಿಸಿದರೆ ಯಾವ ಸೆಕ್ಷನ್ನೋ ಅದೇ. ಅದು ರಾಜಿಗೆ ಒಳಪಟ್ಟ ಅಪರಾಧ. ಪೆಟ್ಟು ತಿಂದವರು ಒಪ್ಪಿದರೆ ಕೋರ್ಟಿನ ಅನುಮತಿಯೂ ಬೇಕಾಗಿರಲಿಲ್ಲ. ಹೀಗಾಗಿ ಬೆಳಗ್ಗೆ ದೂರು ಕೊಟ್ಟವಳನ್ನು ಸಂಜೆಯೊಳಗೆ ಒಪ್ಪಿಸುವುದು ಕಷ್ಟವಿರಲಿಲ್ಲ. ಮಕ್ಕಳ ಮುಖ ತೋರಿಸಿದರೆ ಸಾಕು; ತವರಿನ ಬಡತನ ನೆನಪಿಸಿದರೆ ಸಾಕು. ರಾಜಿಯ ಬಾಗಿಲು ತೀರ ಅಗಲವಾಗಿದ್ದುದೇ ಅವಳಿಗೆ ಅಪಾಯವಾಯಿತು.

1961ರಲ್ಲಿ ವರದಕ್ಷಿಣೆ ನಿಷೇಧದ ಕಾನೂನು ಬಂದಿತು, ವರದಕ್ಷಿಣೆ ನಿಲ್ಲಲಿಲ್ಲ. 1970ರ ದಶಕದ ಕೊನೆಯ ಹೊತ್ತಿಗೆ ಸೀಮೆಎಣ್ಣೆ ಸ್ಟವ್ ಸಿಡಿದು ಸೊಸೆ ಸತ್ತಳೆಂಬ ಸುದ್ದಿ ಪತ್ರಿಕೆಗಳಲ್ಲಿ ಮಾಮೂಲಾಯಿತು. ಸ್ಟವ್ ಸೊಸೆಯನ್ನೇ ಏಕೆ ಹುಡುಕಿಕೊಂಡು ಹೋಗುತ್ತದೆ, ಅತ್ತೆಯ ಹತ್ತಿರ ಏಕೆ ಸಿಡಿಯುವುದಿಲ್ಲ ಎಂದು ಹೆಂಗಸರು ಬೀದಿಗೆ ಬಂದು ಕೇಳಿದರು. ದೆಹಲಿಯಲ್ಲಿ ಮೆರವಣಿಗೆಗಳು ನಡೆದವು. ಬೆಂಗಳೂರಿನಲ್ಲಿ ವಿಮೋಚನಾ ಸಂಸ್ಥೆ ಹುಟ್ಟಿದ್ದು ಆ ಕಾಲದಲ್ಲಿಯೇ. ಸಂಸತ್ತು 1983ರಲ್ಲಿ ದಂಡಸಂಹಿತೆಗೆ ಹೊಸದೊಂದು ಅಧ್ಯಾಯ ಸೇರಿಸಿತು. ಅದರಲ್ಲಿ ಒಂದೇ ಸೆಕ್ಷನ್ನು. ಗಂಡನಾಗಲಿ ಗಂಡನ ಬಂಧುಗಳಾಗಲಿ ಹೆಂಡತಿಯನ್ನು ಕ್ರೂರವಾಗಿ ನಡೆಸಿಕೊಂಡರೆ, ಅವಳು ಪ್ರಾಣ ಕಳೆದುಕೊಳ್ಳುವ ಮಟ್ಟಕ್ಕೆ ತಂದರೆ, ಹಣ ಒಡವೆಗಳಿಗಾಗಿ ಪೀಡಿಸಿದರೆ, ಮೂರು ವರ್ಷದ ವರೆಗೆ ಸಜೆ, ಜೊತೆಗೆ ಜುಲ್ಮಾನೆ.

ಅದಕ್ಕೆ ಕೊಟ್ಟ ನಂಬರನ್ನು ನೋಡಿ: 498-ಎ. ಗಂಡನ ಸೊತ್ತನ್ನು ಕಾಯುತ್ತಿದ್ದ ಹಳೆಯ 498ರ ಮಗ್ಗುಲಲ್ಲಿಯೇ, ನೂರ ಇಪ್ಪತ್ತಮೂರು ವರ್ಷಗಳ ಮೇಲೆ, ಗಂಡನಿಂದ ಹೆಂಡತಿಯನ್ನು ಕಾಯುವ ಸೆಕ್ಷನ್ನು ಬಂದು ಕೂತಿತು. ಇದು ಜಾಮೀನಿಗೆ ಹಕ್ಕಿಲ್ಲದ ಅಪರಾಧ. ಹೆಂಡತಿಯೇ ಅಲ್ಲದೆ ಅವಳ ತಂದೆ ತಾಯಿ, ಒಡಹುಟ್ಟಿದವರು, ಸೋದರಮಾವ, ಚಿಕ್ಕಪ್ಪ, ಅತ್ತೆ ಚಿಕ್ಕಮ್ಮಂದಿರೂ ದೂರು ಕೊಡಬಹುದು. ಆದರೆ ರಾಜಿಯಾಗಬಹುದಾದ ಅಪರಾಧಗಳ ಪಟ್ಟಿಗೆ, ಅದು ಅಷ್ಟರಲ್ಲಿ 1973ರ ಹೊಸ ಕೋಡಿನ 320ನೆಯ ಸೆಕ್ಷನ್ನಾಗಿತ್ತು, ಇದನ್ನು ಸೇರಿಸಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ರಾಜಿ ಮಾಡಿಕೊಳ್ಳುವಂತಿಲ್ಲವೆಂದು ಅದೇ ಸೆಕ್ಷನ್ನು ಸ್ಪಷ್ಟವಾಗಿ ಹೇಳುತ್ತಿತ್ತು. 498ರಲ್ಲಿ ಗಂಡ ದೂರಬಲ್ಲ, ಕ್ಷಮಿಸಬಲ್ಲ. 498-ಎ ದಲ್ಲಿ ಹೆಂಡತಿ ದೂರಬಲ್ಲಳು, ಕ್ಷಮಿಸಲಾರಳು.

ಇದನ್ನು ಕಾನೂನು ಮಾಡಿದವರ ಮರೆವು ಎನ್ನುವುದು ಅನ್ಯಾಯ. ಕಟ್ಟೆಯ ಮೇಲೆ ಒಪ್ಪಿಸುವವರ ಕೈಗೆ ಸಿಕ್ಕಬಾರದೆಂದರೆ ಅವಳ ಕೈಯಲ್ಲಿ ಕೀಲಿಕೈ ಇರಬಾರದು. ಕೀಲಿಕೈ ಸರ್ಕಾರದ ಹತ್ತಿರ ಇದ್ದರೆ ಅತ್ತೆ ಮಾವಂದಿರು ಅವಳ ಕಾಲು ಹಿಡಿದೂ ಪ್ರಯೋಜನವಿಲ್ಲ, ಜುಟ್ಟು ಹಿಡಿದೂ ಪ್ರಯೋಜನವಿಲ್ಲ. ಈ ವಾದದಲ್ಲಿ ತಿರುಳಿದೆ, ಇಂದಿಗೂ ಇದೆ.

ಆದರೆ ಬೀಗ ಹಾಕಿದ ಬಾಗಿಲಿಗೂ ಜನ ಕಿಂಡಿ ಹುಡುಕಿಕೊಂಡರು. ಹೊರಗೆ ರಾಜಿಯಾದ ದಂಪತಿಗಳ ಖಟ್ಲೆ ಒಳಗೆ ನಡೆಯುತ್ತಲೇ ಇರುತ್ತದೆಯಲ್ಲ. ಒಂದು ದಿನ ಅವಳ ಸಾಕ್ಷ್ಯದ ಸರದಿ ಬರುತ್ತದೆ. ಕಟಕಟೆಯಲ್ಲಿ ನಿಂತು, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣಮಾಡಿ, 'ನನ್ನನ್ನು ಯಾರೂ ಹೊಡೆಯಲಿಲ್ಲ, ಏನೂ ನಡೆಯಲಿಲ್ಲ, ಪೊಲೀಸರು ಏನು ಬರೆದುಕೊಂಡರೋ ಗೊತ್ತಿಲ್ಲ' ಎನ್ನುತ್ತಾಳೆ. ಸರ್ಕಾರಿ ವಕೀಲರು ಅವಳನ್ನು ಪ್ರತಿಕೂಲ ಸಾಕ್ಷಿಯೆಂದು ಕರೆದು ಎರಡು ಪ್ರಶ್ನೆ ಹಾಕುತ್ತಾರೆ. ಆರೋಪಿ ಬಿಡುಗಡೆ. ಎಲ್ಲರಿಗೂ ನಡೆದದ್ದೇನೆಂದು ಗೊತ್ತು; ನ್ಯಾಯಾಧೀಶರಿಗೂ ಗೊತ್ತು. 'ನಡೆದದ್ದು ನಿಜ, ಆದರೆ ನಾನು ಬಿಟ್ಟಿದ್ದೇನೆ' ಎಂದು ಹೇಳುವ ಅವಕಾಶ ಕಾನೂನಿನಲ್ಲಿರಲಿಲ್ಲ. ಬಿಡಬೇಕಾದರೆ ನಡೆದದ್ದೇ ಸುಳ್ಳೆನ್ನಬೇಕು. ಹೀಗೆ ಅವಳು ಪಟ್ಟ ಪಾಡನ್ನು ಅವಳ ಬಾಯಿಂದಲೇ ಅಳಿಸಿಹಾಕಿಸಿ, ಆಮೇಲೆ ಆ ಬಿಡುಗಡೆಗಳನ್ನೆಲ್ಲ ಕೂಡಿ ಲೆಕ್ಕಹಾಕಿ, 'ನೋಡಿ, ಹೆಂಗಸರು ಕೊಡುವ ದೂರುಗಳಲ್ಲಿ ಎಷ್ಟೊಂದು ಸುಳ್ಳು' ಎಂದು ಹೇಳುವವರು ಹುಟ್ಟಿಕೊಂಡರು. ಸುಳ್ಳು ದೂರುಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಬಿಡುಗಡೆಯಾದದ್ದೆಲ್ಲ ಸುಳ್ಳು ದೂರಲ್ಲವೆಂದು ಮಾತ್ರ ಹೇಳುತ್ತೇನೆ.

ಈ ಕಗ್ಗಂಟನ್ನು ಬಿಡಿಸಿದ ದಾರ ಬಂದದ್ದು ಬೇರೆ ಕಡೆಯಿಂದ. 1923ರಲ್ಲಿ ಹಳೆಯ ಕೋಡಿಗೆ 561-ಎ ಎಂಬ ಸೆಕ್ಷನ್ನನ್ನು ಸೇರಿಸಿದ್ದರು. 1973ರ ಕೋಡಿನಲ್ಲಿ ಅದು 482. ಕೋರ್ಟಿನ ವ್ಯವಹಾರ ದುರುಪಯೋಗವಾಗದಂತೆ ತಡೆಯಲು, ನ್ಯಾಯದ ಉದ್ದೇಶ ಸಾಧಿಸಲು, ಹೈಕೋರ್ಟಿಗೆ ಹುಟ್ಟಿನಿಂದಲೇ ಇರುವ ಅಧಿಕಾರಕ್ಕೆ ಕೋಡಿನ ಯಾವ ಮಾತೂ ಅಡ್ಡಬರುವುದಿಲ್ಲ ಎಂಬುದು ಅದರ ಸಾರ. ಈ ಅಧಿಕಾರದ ವ್ಯಾಪ್ತಿಯನ್ನು ವಿವರಿಸುವಾಗ ವಕೀಲರು ಮತ್ತೆ ಮತ್ತೆ ಹೇಳುವ ಒಂದು ತೀರ್ಪು ನಮ್ಮ ರಾಜ್ಯದ್ದೇ: ಕರ್ನಾಟಕ ಸರ್ಕಾರಕ್ಕೂ ಎಲ್. ಮುನಿಸ್ವಾಮಿ ಎಂಬುವರಿಗೂ ನಡೆದ ಖಟ್ಲೆಯಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಕೊಟ್ಟದ್ದು. ಅದು ಗಂಡ ಹೆಂಡಿರ ವ್ಯಾಜ್ಯವೇ ಅಲ್ಲ. ಹೈಕೋರ್ಟು ನಿಲ್ಲಿಸಿದ ಖಟ್ಲೆಯನ್ನು ಮತ್ತೆ ನಡೆಸಬೇಕೆಂದು ಸರ್ಕಾರ ಹಾಕಿದ ಅಪೀಲು. ನ್ಯಾಯಮೂರ್ತಿ ಚಂದ್ರಚೂಡರು ಅಪೀಲನ್ನು ವಜಾ ಮಾಡುತ್ತ, ಬರಿಯ ಕಾನೂನಿನ ಗುರಿಗಿಂತ ನ್ಯಾಯದ ಗುರಿ ಮೇಲಿನದು ಎಂಬ ಅಭಿಪ್ರಾಯವನ್ನು ಬರೆದರು.

ಇಪ್ಪತ್ತಾರು ವರ್ಷಗಳ ಮೇಲೆ, 2003ರ ಮಾರ್ಚಿಯಲ್ಲಿ, ಬಿ.ಎಸ್. ಜೋಶಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಹರಿಯಾಣದ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಆ ಮಾತನ್ನು ನೆನೆಯಿತು. ಅಲ್ಲಿ ದಂಪತಿಗಳು ಒಪ್ಪಿ ಬೇರೆಯಾಗಲು ನಿಶ್ಚಯಿಸಿದ್ದರು. ದೂರು ಕೊಟ್ಟ ಹೆಂಡತಿಯೇ ಖಟ್ಲೆ ಬೇಡವೆಂದು ಪ್ರಮಾಣಪತ್ರ ಸಲ್ಲಿಸಿದ್ದಳು. ರಾಜಿಯ ಪಟ್ಟಿಯಲ್ಲಿ ಇಲ್ಲವೆಂದು ಅಲ್ಲಿನ ಹೈಕೋರ್ಟು ನಿರಾಕರಿಸಿತ್ತು. ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: 320ನೆಯ ಸೆಕ್ಷನ್ನಿನ ಪಟ್ಟಿ 482ರ ಕೈ ಕಟ್ಟುವುದಿಲ್ಲ, ಹೆಂಡತಿಯೇ ಸಾಕ್ಷ್ಯ ಹೇಳದ ಖಟ್ಲೆಯಲ್ಲಿ ಶಿಕ್ಷೆಯಾಗುವುದೂ ಇಲ್ಲ, ಹೆಂಗಸರ ರಕ್ಷಣೆಗಾಗಿ ಮಾಡಿದ ಅಧ್ಯಾಯವನ್ನು ಅವರು ನೆಮ್ಮದಿಯಾಗಿ ಬದುಕುವುದಕ್ಕೆ ಅಡ್ಡಿಯಾಗುವಂತೆ ಓದಬಾರದು. ಸೂಕ್ಷ್ಮವನ್ನು ಗಮನಿಸಬೇಕು. ಅಪರಾಧ ರಾಜಿಯಾಯಿತೆಂದು ಕೋರ್ಟು ಹೇಳಲಿಲ್ಲ, ಖಟ್ಲೆಯನ್ನು ರದ್ದುಮಾಡಿತು. ರಾಜಿ ಕಕ್ಷಿಗಾರರ ಹಕ್ಕು. ರದ್ದು ಹೈಕೋರ್ಟಿನ ವಿವೇಚನೆ. ಮುಂಬಾಗಿಲು ಮುಚ್ಚಿಯೇ ಇದೆ, ಹಿತ್ತಿಲ ಬಾಗಿಲು ತೆರೆಯಿತು ಎನ್ನಬಹುದು.

ಅದೇ ವರ್ಷ ಮುಂಬಾಗಿಲನ್ನೇ ತೆಗೆದುಬಿಡಿ ಎಂದವರು ನಮ್ಮ ನಾಡಿನವರು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿ, ದೇಶದ ಕ್ರಿಮಿನಲ್ ನ್ಯಾಯವ್ಯವಸ್ಥೆಯ ಸುಧಾರಣೆಯ ಬಗ್ಗೆ 2003ರಲ್ಲಿ ಕೊಟ್ಟ ವರದಿಯಲ್ಲಿ, 498-ಎ ಜಾಮೀನಿಗೂ ರಾಜಿಗೂ ಒಳಪಡಬೇಕೆಂದು ಶಿಫಾರಸು ಮಾಡಿತು. ಮಹಿಳಾ ಸಂಘಟನೆಗಳು ಇದನ್ನು ಬಲವಾಗಿ ವಿರೋಧಿಸಿದವು. ಅಗಲವಾದ ಬಾಗಿಲಿನ ಹಳೆಯ ಅನುಭವ ಅವರಿಗೆ ಮರೆತಿರಲಿಲ್ಲ. ಮಳಿಮಠರ ಶಿಫಾರಸನ್ನು ಕೇಂದ್ರ ಕೈಗೊಳ್ಳಲಿಲ್ಲ. ನೆರೆಯ ಆಂಧ್ರಪ್ರದೇಶ ಮಾತ್ರ 2003ರಲ್ಲಿಯೇ ತನ್ನ ಮಟ್ಟಿಗೆ ಕೋಡನ್ನು ತಿದ್ದಿ, ಕೋರ್ಟಿನ ಅನುಮತಿಯಿಂದ ಹೆಂಡತಿ ರಾಜಿಯಾಗಬಹುದೆಂದಿತು. ಅದಕ್ಕೆ ಒಂದು ಜಾಣತನದ ಷರತ್ತನ್ನೂ ಹಾಕಿತು: ಅರ್ಜಿ ಕೊಟ್ಟು ಮೂರು ತಿಂಗಳು ಕಳೆಯಬೇಕು, ಆ ನಡುವೆ ಯಾರೂ ಮನಸ್ಸು ಬದಲಾಯಿಸಿರಬಾರದು. ಗಡಿಯಾಚೆ ಮಡಕಶಿರಾದ ಕಡೆ ಕನ್ನಡ ಮಾತಾಡುವ ದಂಪತಿಗಳು ಹತ್ತಿರದ ಕೋರ್ಟಿನಲ್ಲಿಯೇ ಮುಗಿಸಿಕೊಳ್ಳಬಹುದಾಗಿದ್ದ ಖಟ್ಲೆಗೆ ಗಡಿಯೀಚೆಯವರು ಬೆಂಗಳೂರಿನ ಹಾದಿ ಹಿಡಿಯಬೇಕಾಯಿತು. ಆ ಮೂರು ತಿಂಗಳ ಷರತ್ತಿನಂಥ ಸರಳವಾದ ಉಪಾಯ ಉಳಿದವರಿಗೆ ಏಕೆ ಹೊಳೆಯಲಿಲ್ಲವೋ ನಾನರಿಯೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಜೋಶಿ ತೀರ್ಪು ಸರಿಯೇ ಎಂಬ ಸಂಶಯ ಸುಪ್ರೀಂ ಕೋರ್ಟಿಗೇ ಬಂದು, 2012ರ ಸೆಪ್ಟೆಂಬರಿನಲ್ಲಿ ಜ್ಞಾನಸಿಂಗ್ ಖಟ್ಲೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಕೊಲೆ, ಅತ್ಯಾಚಾರ, ದರೋಡೆಗಳಂಥ ಸಮಾಜದ ಮೇಲಿನ ಅಪರಾಧಗಳಿಗೆ ಒಪ್ಪಂದ ಸಲ್ಲದು. ಮದುವೆಯಿಂದ ಹುಟ್ಟಿದ, ಮುಖ್ಯವಾಗಿ ಖಾಸಗಿಯಾದ ವ್ಯಾಜ್ಯಗಳಲ್ಲಿ ಹೈಕೋರ್ಟು ರದ್ದುಮಾಡಬಹುದು ಎಂದು ಗೆರೆ ಎಳೆಯಿತು. 2013ರಲ್ಲಿ ಇಂಥ ಖಟ್ಲೆಗಳನ್ನು ಮೊದಲು ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳಿಸಿ ನೋಡಬೇಕೆಂದು ಅದೇ ಕೋರ್ಟು ಇನ್ನೊಂದು ತೀರ್ಪಿನಲ್ಲಿ ಹೇಳಿತು. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದ ಮಧ್ಯಸ್ಥಿಕೆ ಕೇಂದ್ರ 2007ರಿಂದಲೇ ಕೆಲಸ ಮಾಡುತ್ತಿತ್ತು. ಮೊದಲು ತಿಳಿಯಹೇಳಿ, ಆಮೇಲೆ ವ್ಯವಹಾರ. ವಿಜ್ಞಾನೇಶ್ವರನ ವಾಕ್ಯ ಹೊಸ ವೇಷದಲ್ಲಿ ಬಂದಂತಾಯಿತು. ಅದರ ಮೊದಲ ಅರ್ಧವನ್ನು ನಾವು ಬಹಳ ಉತ್ಸಾಹದಿಂದ ಪಾಲಿಸುತ್ತೇವೆ ಎಂಬ ಸಂಶಯವೂ ನನಗುಂಟು.

2017ರಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ರಾಜೇಶ್ ಶರ್ಮ ಎಂಬ ಖಟ್ಲೆಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಪ್ರತಿ ಜಿಲ್ಲೆಯಲ್ಲಿಯೂ ಕುಟುಂಬ ಕಲ್ಯಾಣ ಸಮಿತಿ ರಚಿಸಿ ದೂರುಗಳನ್ನು ಮೊದಲು ಅದಕ್ಕೆ ಒಪ್ಪಿಸಬೇಕೆಂದರು. ಒಪ್ಪಂದವಾದರೆ ಜಿಲ್ಲಾ ನ್ಯಾಯಾಧೀಶರೇ ಖಟ್ಲೆ ಮುಗಿಸಬಹುದೆಂದೂ ಸೇರಿಸಿದರು. ಈ ಎರಡನೆಯ ಮಾತು ನಿಂತಿದ್ದರೆ ಗೆಂಡೆಹಳ್ಳಿಯವರು ಹಾಸನದಿಂದಲೇ ಹಿಂದಿರುಗಬಹುದಾಗಿತ್ತು. ನಿಲ್ಲಲಿಲ್ಲ. 2018ರ ಸೆಪ್ಟೆಂಬರ್ 14ರಂದು ಮೂವರ ಪೀಠ ಎರಡನ್ನೂ ತೆಗೆದುಹಾಕಿತು. ಕಾನೂನಿನಲ್ಲಿ ಇಲ್ಲದ ಸಮಿತಿಯನ್ನು ಕೋರ್ಟು ಹುಟ್ಟಿಸಲಾಗದು. ರಾಜಿಗೆ ಒಳಪಡದ ಅಪರಾಧವನ್ನು ಜಿಲ್ಲಾ ನ್ಯಾಯಾಧೀಶರು ಮುಗಿಸಲಾಗದು. ಒಪ್ಪಂದವಾದವರು ಹೈಕೋರ್ಟಿಗೇ ಹೋಗಲಿ ಎಂದಿತು. ಅದೇ ತಿಂಗಳ 27ರಂದು, ಗಂಡನ ಸೊತ್ತನ್ನು ಕಾಯುತ್ತಿದ್ದ ಹಳೆಯ 497ನೆಯ ಸೆಕ್ಷನ್ನು ಸಂವಿಧಾನಕ್ಕೆ ವಿರುದ್ಧವೆಂದು ಬಿದ್ದುಹೋಯಿತು.

ತಾಲ್ಲೂಕಿನಲ್ಲಿ ನಡೆಯುವ ಲೋಕ ಅದಾಲತ್ತು ಇಲ್ಲವೇ ಎಂದು ವಾಚಕರು ಕೇಳಬಹುದು. ಇದೆ, ಜೀವನಾಂಶ, ಒಡವೆ, ಮಕ್ಕಳ ಪೋಷಣೆಯಂಥ ಮಾತುಗಳೆಲ್ಲ ಅಲ್ಲಿ ಬಗೆಹರಿಯಬಹುದು. ರಾಜಿಗೆ ಒಳಪಡದ ಅಪರಾಧ ಮಾತ್ರ ಅಲ್ಲಿಗೂ ಬಾರದೆಂದು 1987ರ ಕಾನೂನು ಸೇವೆಗಳ ಶಾಸನ ಹೇಳಿದೆ. ಮರವನ್ನೆಲ್ಲ ಊರಿನಲ್ಲೇ ಕಡಿದು, ಬೇರೊಂದನ್ನು ಕೀಳಲು ಬೆಂಗಳೂರಿಗೆ ಹೋಗಬೇಕು.

ಅಲ್ಲಿ ನಡೆಯುವುದು ಹೀಗೆ. ಗಂಡನ ಕಡೆಯವರು ಕ್ರಿಮಿನಲ್ ಅರ್ಜಿ ಹಾಕುತ್ತಾರೆ. ಇಬ್ಬರೂ ಸಹಿ ಮಾಡಿದ ಒಪ್ಪಂದದ ಪತ್ರ, ಹೆಂಡತಿಯ ಆಕ್ಷೇಪಣೆಯಿಲ್ಲವೆಂಬ ಪ್ರಮಾಣಪತ್ರ ಅದರ ಜೊತೆಗೆ. ಒಪ್ಪಂದದ ಹಣ ಅನೇಕ ವೇಳೆ ಕಂತುಕಂತಾಗಿ ಬರುತ್ತದೆ: ಒಂದು ಪಾಲು ಒಪ್ಪಂದದ ದಿನ, ಒಂದು ಪಾಲು ವಿಚ್ಛೇದನದ ದಿನ, ಕೊನೆಯ ಪಾಲಿನ ಡಿಮ್ಯಾಂಡ್ ಡ್ರಾಫ್ಟು ಹೈಕೋರ್ಟಿನಲ್ಲಿ. ಇದರ ಮರ್ಮ ತಿಳಿಯುವುದು ಕಷ್ಟವಲ್ಲ. ಖಟ್ಲೆ ತೂಗುತ್ತಿರುವವರೆಗೆ ಗಂಡನಿಗೆ ಪಾಸ್‌ಪೋರ್ಟಿನ ಚಿಂತೆ, ನೌಕರಿಯ ಚಿಂತೆ. ಅವಳ ಕೈಯಲ್ಲಿ ಉಳಿದಿರುವ ಹಿಡಿ ಅದೊಂದೇ ಸಹಿ. ಅದನ್ನು ಮೊದಲೇ ಕೊಟ್ಟುಬಿಟ್ಟರೆ ಉಳಿದ ಕಂತಿಗೆ ಮತ್ತೆ ಜೀವನಾಂಶದ ಕೋರ್ಟು ಹತ್ತಬೇಕು. ಇದನ್ನು ಕೆಲವರು ವ್ಯಾಪಾರವೆಂದು ಹಳಿಯುತ್ತಾರೆ. ಮದುವೆಯ ದಿನ ತಟ್ಟೆಯಲ್ಲಿ ಎಣಿಸಿ ತೆಗೆದುಕೊಂಡದ್ದು ವ್ಯಾಪಾರವಲ್ಲದಿದ್ದರೆ, ಬಿಡುಗಡೆಯ ದಿನ ಎಣಿಸಿ ಹಿಂದಕ್ಕೆ ಕೇಳುವುದು ವ್ಯಾಪಾರ ಹೇಗಾಗುತ್ತದೆ?

ಹೊಸ ಸಂಹಿತೆಗಳು 2024ರ ಜುಲೈ 1ರಿಂದ ಜಾರಿಗೆ ಬಂದಿವೆ. 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86. ರಾಜಿಯ ಪಟ್ಟಿ ನಾಗರಿಕ ಸುರಕ್ಷಾ ಸಂಹಿತೆಯ 359. ಹೈಕೋರ್ಟಿನ ಅಧಿಕಾರ 528. ನಂಬರುಗಳೆಲ್ಲ ಬದಲಾದುವು. 85 ಮಾತ್ರ ಪಟ್ಟಿಯ ಹೊರಗೇ ಇದೆ. ಹಳೆಯ 498 ಕೂಡ ಸಾಯಲಿಲ್ಲ. 84 ಎಂಬ ಹೆಸರಿನಲ್ಲಿ 85ರ ಮಗ್ಗುಲಲ್ಲಿಯೇ ಕೂತಿದೆ. ಅಕ್ಕಪಕ್ಕದ ಈ ಎರಡು ಮನೆಗಳಲ್ಲಿ ಒಂದರ ಬೀಗವನ್ನು ಈಗ ಗಂಡನೂ ಹೆಂಡತಿಯೂ ಕೂಡಿ ತೆಗೆಯಬಹುದು. ಇನ್ನೊಂದರ ಯಜಮಾನಿ ಬೆಂಗಳೂರಿಗೆ ಹೋಗಬೇಕು.

2020ರಿಂದೀಚೆಗೆ ಹೈಕೋರ್ಟು ವಿಡಿಯೋ ಮೂಲಕವೂ ಖಟ್ಲೆ ಕೇಳುತ್ತದೆ. ಹಾಗಾಗಿ ಎಲ್ಲರೂ ಎಲ್ಲ ದಿನವೂ ಬೆಂಗಳೂರಿನ ಬಸ್ಸು ಹತ್ತಬೇಕೆಂದೇನೂ ಇಲ್ಲ. ಎದುರಿಗೆ ನಿಂತಾಗಲಿ ಪರದೆಯ ಮೇಲಾಗಲಿ, ನ್ಯಾಯಮೂರ್ತಿಗಳು ಹೆಂಗಸನ್ನು ಕೇಳುವ ಪ್ರಶ್ನೆ ಚಿಕ್ಕದು: ಒತ್ತಾಯವಿಲ್ಲದೆ ಒಪ್ಪಿದ್ದೀಯೇನಮ್ಮ? ಪಕ್ಕದಲ್ಲಿ ಅವಳ ಅಣ್ಣನಿರುತ್ತಾನೆ, ಹಿಂದೆ ಮಾವನ ಕಡೆಯವರು, ಮುಂದೆ ಎರಡೂ ಕಡೆಯ ವಕೀಲರು. ಉತ್ತರಕ್ಕೆ ಸಿಕ್ಕುವುದು ಅರ್ಧ ನಿಮಿಷ. ಆ ದಿನದ ಪಟ್ಟಿಯಲ್ಲಿ ಇನ್ನೂ ಎಷ್ಟೋ ಖಟ್ಲೆಗಳಿರುತ್ತವೆ. ಕೆಲವು ನ್ಯಾಯಮೂರ್ತಿಗಳು ಅಣ್ಣನನ್ನು ಸ್ವಲ್ಪ ದೂರ ನಿಲ್ಲಿಸಿ ಮತ್ತೊಮ್ಮೆ ಕೇಳಿದರೆ ಅದು ಅವರ ದೊಡ್ಡತನ; ಕೇಳಲೇಬೇಕೆಂಬ ನಿಯಮವಿಲ್ಲ.

ಹೂಂ ಎಂದು ಅವಳು ತಲೆಯಾಡಿಸಿದ ಮೇಲೆ ಆದೇಶವಾಗುತ್ತದೆ. ದೃಢೀಕರಿಸಿದ ನಕಲು ಸಿಕ್ಕಲು ಕೆಲವು ದಿನ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬೇಲೂರಿಗೆ ಬಂದು, ಕೋರ್ಟಿನ ಗುಮಾಸ್ತರಿಗೆ ಕೊಟ್ಟರೆ, ಅವರು ಅದನ್ನು ಕಡತಕ್ಕೆ ಸೇರಿಸಿ ರಿಜಿಸ್ಟರಿನಲ್ಲಿ ಆ ನಂಬರಿನ ಎದುರಿಗೆ ಮುಕ್ತಾಯವೆಂದು ಬರೆಯುತ್ತಾರೆ. ಮುಂದಿನ ವಾಯಿದೆಯ ದಿನ ಜವಾನ ಬಾಗಿಲಲ್ಲಿ ನಿಂತು ಇತರರ ಹೆಸರುಗಳನ್ನು ಕೂಗುತ್ತಾನೆ. ಅವರಿಬ್ಬರ ಹೆಸರನ್ನು ಕೂಗುವುದಿಲ್ಲ.